ಪಾಪರ್ ಭಾಗ್ಯ

ಬೆಳಿಗ್ಗೆ ಏಳೂವರೆಯಾದರೂ ಪಕ್ಕದ ಮನೆಯ ಮರುಳಪ್ಪನ ಗೊರಕೆ ನಿಂತಿರಲಿಲ್ಲ. ಎರಡು ಮನೆಗೂ ನಡುವೆ ಒಂದೇ ಗೋಡೆ. ಗೊರಕೆ ನೇರವಾಗಿ ರೇವಣಸಿದ್ದಯ್ಯನ ಕಿವಿಗೇ ಬಂದು ಬೀಳುತ್ತಿತ್ತು. ಅವನಾದರೋ ಕೋಳಿ ಕೂಗುವ ಮೊದಲೇ ಎದ್ದು, ಸಾಲ ಕೊಟ್ಟವರಲ್ಲಿ ಇವತ್ತು ಮೊದಲು ಬಾಗಿಲು ಬಡಿಯುವವರು ಯಾರೋ ಎಂದು ಯೋಚಿಸುತ್ತ ಕೂತಿದ್ದ.

ಹೋದ ವರ್ಷದವರೆಗೆ ಮರುಳಪ್ಪನದೂ ಇದೇ ಪಾಡಾಗಿತ್ತು. ಹೊನ್ನವಳ್ಳಿಯಲ್ಲಿ ಇಬ್ಬರೂ ಕೊಬ್ಬರಿ ವ್ಯಾಪಾರಕ್ಕೆ ಇಳಿದು, ರೇಟು ಏರುತ್ತದೆಂದು ಸಾಲ ಮಾಡಿ ಮಾಲು ತುಂಬಿಸಿ, ರೇಟು ಬಿದ್ದಾಗ ಒಟ್ಟಿಗೇ ಮುಳುಗಿದ್ದರು. ಆದರೆ ಮರುಳಪ್ಪ ತಿಪಟೂರಿನ ಕೋರ್ಟಿಗೆ ಹೋಗಿ, ಸಾಲ ತೀರಿಸಲಾರೆನೆಂದು ಕೈ ಎತ್ತಿ, ಪಾಪರ್ ಚೀಟಿ ತಂದುಬಿಟ್ಟ. ಇದ್ದಬದ್ದದ್ದು ಹರಾಜಾಯಿತು, ನಿಜ. ಅಂದಿನಿಂದ ಸಾಲ ಕೊಟ್ಟವರು ಇವನನ್ನು ಕಂಡರೆ ತಾವೇ ಮುಖ ತಿರುಗಿಸಿಕೊಂಡು ಹೋಗುತ್ತಿದ್ದರು. ಮನುಷ್ಯ ಎರಡು ಸುತ್ತು ದಪ್ಪಗಾಗಿದ್ದ. ಅದನ್ನು ನೋಡಿ ರೇವಣಸಿದ್ದಯ್ಯನ ಹೊಟ್ಟೆ ಉರಿದು ಬೂದಿಯಾಗುತ್ತಿತ್ತು.

ಹೆಂಡತಿ ಗಿರಿಜಾಂಬಿಕೆಯ ಹೊಟ್ಟೆಯೇನೂ ತಣ್ಣಗಿರಲಿಲ್ಲ. "ಆ ಶಿವರುದ್ರಮ್ಮನ್ನ ನೋಡ್ರೀ, ಬೀದಿ ಬಾಗ್ಲು ತಕ್ಕೊಂಡೇ ಒಗ್ಗರಣೆ ಹಾಕ್ತಾಳೆ. ಗಂಡ ಪಾಪರ್ ಆದ್ಮೇಲೆ ಯಾರ ಭಯ ಅವ್ಳಿಗೆ? ನಾನು ಕಿಟಕಿ ಮುಚ್ಕೊಂಡು ಸಾರು ಕುದಿಸ್ಬೇಕು. ಸ್ವಲ್ಪ ಘಮ್ ಅಂದ್ರೂ, ದುಡ್ಡು ಬಂದೈತೆ ಅಂತ ಹುಚ್ಚರಂಗಯ್ಯ ಬಂದು ನಿಂತ್ಕೋತಾನೆ."

ಹುಚ್ಚರಂಗಯ್ಯ ದಿನಸಿ ಅಂಗಡಿಯವನು. ಎರಡು ಮನೆಗೂ ಅವನೇ ಸಾಲ ಕೊಟ್ಟಿದ್ದ. ಮಾತು ಮುಗಿಯುವ ಮೊದಲೇ ಬಾಗಿಲು ಬಡಿದ ಸದ್ದಾಯಿತು. ರೇವಣಸಿದ್ದಯ್ಯ ಹಿತ್ತಿಲಿನಿಂದ ಹಾರಿ, ತಾನೂ ಪಾಪರ್ ಆಗಿಬಿಡುವುದೆಂದು ಸೀದಾ ತಿಪಟೂರಿನ ಬಸ್ಸು ಹತ್ತಿದ.

ಲಾಯರು ಕನ್ನಡಕ ಏರಿಸಿಕೊಂಡು ಕೇಳಿದರು: "ಸಾಲ ಹದಿನೆಂಟು ಸಾವಿರ. ಸರಿ, ಆಸ್ತಿ ಏನೈತ್ರೀ?"

ಅಟ್ಟದ ಮೇಲೆ ಎರಡು ಸಾವಿರ ತೆಂಗಿನಕಾಯಿ ಇತ್ತು. ಹನ್ನೊಂದು ತಿಂಗಳಿಂದ ಒಣಗುತ್ತಿದ್ದ ಕಾಯಿ. ಇನ್ನು ಹದಿನೈದು ದಿನಕ್ಕೆ ಸುಲಿದರೆ ಒಳ್ಳೆ ಉಂಡೆ ಕೊಬ್ಬರಿ. ಪಾಪರ್ ಆದ ಮೇಲೆ ಮತ್ತೆ ಬದುಕು ಕಟ್ಟಿಕೊಳ್ಳಲು ಅವನಿಗಿದ್ದದ್ದು ಅದೊಂದೇ.

"ಉಟ್ಟ ಬಟ್ಟೆ, ಅಡುಗೆ ಪಾತ್ರೆ. ಮನೆನೂ ಬಾಡಿಗೆದು ಸ್ವಾಮಿ" ಎಂದ. ಹಾಗೆಯೇ ಪ್ರಮಾಣ ಮಾಡಿ ಪಾಪರ್ ಅರ್ಜಿಗೆ ರುಜು ಹಾಕಿದ.

"ಒಳ್ಳೇದಾಯ್ತು. ಕೋರ್ಟಿನ ಅಮೀನರು ಸಂಜೆ ನಿಮ್ಮೂರ ಕಡೆನೇ ಬತ್ತಾರೆ. ಮನೆ ನೋಡಿ ವರದಿ ಬರೀತಾರೆ. ಸುಳ್ಳು ಸಿಕ್ಕಿದ್ರೆ ಜೈಲು, ತಿಳೀತಾ?"

ರೇವಣಸಿದ್ದಯ್ಯ ಓಡಿಹೋಗಿ ಮೊದಲು ಸಿಕ್ಕ ಬಸ್ಸು ಹಿಡಿದ. ಊರಿಗೆ ಬಂದವನು ಅಟ್ಟ ಹತ್ತಿ ಕಾಯಿ ರಾಶಿಯ ಮುಂದೆ ತಲೆ ಮೇಲೆ ಕೈ ಹೊತ್ತು ಕೂತ. ಕಿಬ್ಬನಹಳ್ಳಿಯ ಭಾಮೈದನ ಮನೆಗೆ ಸಾಗಿಸೋಣವೆಂದರೆ ಗಾಡಿಯನ್ನು ಊರೆಲ್ಲ ನೋಡುತ್ತದೆ. ಆಗ ಕಣ್ಣಿಗೆ ಬಿದ್ದದ್ದು ನಡುಗೋಡೆ. ಅದರಾಚೆ ಮರುಳಪ್ಪನ ಅಟ್ಟ, ಹರಾಜಾದಾಗಿನಿಂದ ಖಾಲಿ. ಪಾಪರ್ ಆದವನ ಅಟ್ಟವನ್ನು ಯಾರು ತಾನೇ ಹತ್ತಿ ನೋಡುತ್ತಾರೆ!

ಮರುಳಪ್ಪ ಆಕಳಿಸುತ್ತಲೇ ಒಪ್ಪಿದ. "ತುಂಬ್ಕಳಿ ರೇವಣ್ಣ. ನಮ್ಮ ಅಟ್ಟದಾಗೆ ಇಲಿನೂ ಇಲ್ಲ. ಅವೂ ಅನುಕೂಲಸ್ಥರ ಮನೆ ನೋಡ್ಕೊಂಡು ಹೋದ್ವು."

ಗೋಡೆಯಿಂದ ಆರು ಮಣ್ಣಿಟ್ಟಿಗೆ ಕಿತ್ತು, ಗಂಡ ಹೆಂಡತಿ ಮಧ್ಯಾಹ್ನವೆಲ್ಲ ಒಂದೊಂದೇ ಕಾಯಿಯನ್ನು ಆಚೆಗೆ ಉರುಳಿಸಿದರು. ಒಣಗಿದ ಕಾಯಿ ಸುಮ್ಮನೆ ಉರುಳುವ ಜಾತಿಯದಲ್ಲ. ಒಳಗೆ ಕೊಬ್ಬರಿ ಚಿಪ್ಪು ಬಿಟ್ಟುಕೊಂಡು ಲೊಟಲೊಟ ಎನ್ನುತ್ತದೆ. ಎದುರು ಮನೆಯ ಓಬಮ್ಮ ಓಡಿ ಬಂದಳು.

"ಏನವ್ವಾ ಅದು ಸದ್ದು?"

"ಇಲಿ ಕಣವ್ವ" ಎಂದಳು ಗಿರಿಜಾಂಬಿಕೆ, ಸೆರಗಿನಲ್ಲಿ ಬೆವರು ಒರೆಸಿಕೊಳ್ಳುತ್ತ.

"ಇಲಿನಾ? ಲಾರಿ ಓಡಿಸ್ದಂಗೆ ಕೇಳ್ತೈತೆ! ಅದೂ ಮರುಳಪ್ಪನ ಅಟ್ಟದಾಗೆ!" ಎನ್ನುತ್ತ ಓಬಮ್ಮ ಸೀದಾ ಹುಚ್ಚರಂಗಯ್ಯನ ಅಂಗಡಿಯ ಕಡೆ ನಡೆದಳು.

ಇಟ್ಟಿಗೆ ಜೋಡಿಸಿ, ಸಗಣಿ ಮಣ್ಣು ಮೆತ್ತಿ ಕೆಳಗಿಳಿಯುವುದಕ್ಕೂ ಅಮೀನ ಬರುವುದಕ್ಕೂ ಸರಿಹೋಯಿತು. ಅವನು ಅಟ್ಟಕ್ಕೆ ಇಣುಕಿ, ಪಾತ್ರೆ ಎಣಿಸಿ, "ಏನೂ ಇಲ್ವಲ್ರೀ, ಪಾಪ" ಎಂದು ಬರೆದುಕೊಂಡ. ಜೀವಮಾನದಲ್ಲಿ ಯಾರಿಂದಲೂ ಭೇಷ್ ಎನ್ನಿಸಿಕೊಳ್ಳದ ರೇವಣಸಿದ್ದಯ್ಯ ಆ 'ಪಾಪ'ಕ್ಕೇ ಹಿಗ್ಗಿ ಹೀರೆಕಾಯಿಯಾದ.

ಅಷ್ಟರಲ್ಲಿ ಹುಚ್ಚರಂಗಯ್ಯ ಏದುಸಿರು ಬಿಡುತ್ತ ನುಗ್ಗಿದ. "ಅಮೀನರೇ, ಪಕ್ಕದ ಮನೆ ಅಟ್ಟ ನೋಡಿ! ಲೊಟಲೊಟ ಅಂತಿತ್ತಂತೆ, ಪಾಪರ್ ಅಂದವ್ನು ಕಾಯಿ ಕೂಡಾಕವ್ನೆ!"

ಎಲ್ಲರೂ ಮರುಳಪ್ಪನ ಮನೆಗೆ ಹೊರಟರು. ಏಣಿ ಹತ್ತಿದ ಅಮೀನ ಅಲ್ಲಿಂದಲೇ ಕೂಗಿದ. "ಏನ್ರೀ ಮರುಳಪ್ಪ ಇದು? ನಿಮ್ಮ ಮೇಲೆ ಪಾಪರ್ ಆರ್ಡರ್ ಆಗೈತೆ. ಆಮೇಲೆ ಬಂದ ಆಸ್ತಿನೂ ಸಾಲ ಕೊಟ್ಟೋರಿಗೇ ಸೇರ್ಬೇಕು, ಗೊತ್ತಿಲ್ವಾ?"

"ನಂದಲ್ಲ ಸ್ವಾಮಿ, ನನ್ನಾಣೆ! ರೇವಣ್ಣಂದು!"

ಅಮೀನ ತಿರುಗಿ ನೋಡಿದ. "ನಿಮ್ದಾ?"

ರೇವಣಸಿದ್ದಯ್ಯ ಅಟ್ಟದ ಕಡೆ ಕತ್ತೆತ್ತಿ ನೋಡಿದ. ಹೌದೆಂದರೆ ಜೈಲು, ಅಲ್ಲವೆಂದರೆ ಹನ್ನೊಂದು ತಿಂಗಳ ಕಾಯಿ ಕೈಬಿಟ್ಟ ಹಾಗೆ. "ನನ್ನವಲ್ಲ" ಎಂದ.

"ನಿಮ್ದೇ ಅಂತ ಹೇಳಿ ರೇವಣ್ಣ!"

"ಅಲ್ಲ ಅಂದ್ನಲ್ಲಪ್ಪ!"

"ಇಬ್ರುದೂ ಅಲ್ಲ ಅಂದ್ರೆ ಅಟ್ಟ ಯಾರ್ದೋ ಅವರ್ದು" ಎಂದು ಅಮೀನ ಮರುಳಪ್ಪನ ಹೆಸರಿಗೇ ಮಹಜರು ಬರೆದು, ಸಾಕ್ಷಿಗೆ ರೇವಣಸಿದ್ದಯ್ಯನ ರುಜುವನ್ನೂ ಹಾಕಿಸಿಕೊಂಡ.

ಹರಾಜಿನಲ್ಲಿ ಬಂದಷ್ಟಕ್ಕೇ ಮಿಕ್ಕವರು ಕೈ ತೊಳೆದುಕೊಂಡಿದ್ದರಿಂದ ಮರುಳಪ್ಪನ ಸಾಲದಲ್ಲಿ ಉಳಿದಿದ್ದದ್ದು ಹುಚ್ಚರಂಗಯ್ಯನದೊಂದೇ, ಎರಡು ಸಾವಿರದ ಇನ್ನೂರು. ಅಮೀನ ಬೆರಳು ಮಡಿಸಿ ಎಣಿಸಿದ. "ಇವತ್ತಿನ ರೇಟಿಗೆ ಪೂರಾ ತೀರಿ, ನಾಕು ಕಾಸು ನಿಮಗೇ ಮಿಗ್ತೈತೆ ಮರುಳಪ್ಪ. ಇನ್ನು ನೀವು ಪಾಪರ್ ಅಲ್ಲ ಬುಡಿ."

ಹುಚ್ಚರಂಗಯ್ಯನ ಮುಖ ಅರಳಿತು. ಮರುಳಪ್ಪನ ಬೆನ್ನು ತಟ್ಟಿ, "ಋಣ ಇಟ್ಕೊಳೋ ಮನುಷ್ಯ ಅಲ್ಲ ನೀವು" ಎಂದವನೇ ಅಂಗಡಿಯಿಂದ ಒಂದು ಮೂಟೆ ಅಕ್ಕಿಯನ್ನು ಸಾಲಕ್ಕೇ ಕಳಿಸಿಕೊಟ್ಟ. ಬೀದಿಯವರೆಲ್ಲ ಮರುಳಪ್ಪನನ್ನು ಮುತ್ತಿಕೊಂಡು ಹೊಗಳಿದರು. ಅವನೂ ಮೊದಮೊದಲು ಅಲ್ಲ ಅಲ್ಲವೆಂದು, ಆಮೇಲೆ ಮುಗುಳ್ನಕ್ಕ. ರೇವಣಸಿದ್ದಯ್ಯ ದೂರದಲ್ಲಿ ನಿಂತು ನೋಡಿದ. ಬೆಳಿಗ್ಗೆ ಉರಿದಿದ್ದು ಹೊಟ್ಟೆ ಮಾತ್ರ, ಈಗ ಮೈಯೆಲ್ಲ ಉರಿಯಿತು.

ದೀಪ ಹಚ್ಚುವ ಹೊತ್ತಿಗೆ ಗಿರಿಜಾಂಬಿಕೆ ಖಾಲಿ ಡಬ್ಬ ತಂದು ಮುಂದಿಟ್ಟಳು. "ಪಕ್ಕದ ಮನೇಲಿ ಒಂದು ಸೇರು ಅಕ್ಕಿ ಕಡ ಕೇಳ್ಕೊಂಡು ಬನ್ರೀ. ನಮ್ಮ ಕಾಯಿಂದ ಉದ್ಧಾರ ಆಗವ್ರೆ, ಇಲ್ಲ ಅಂತಾರಾ?"

ರೇವಣಸಿದ್ದಯ್ಯ ಮರುಳಪ್ಪನ ಬಾಗಿಲಲ್ಲಿ ನಿಂತು ಸಂಕೋಚದಿಂದ ಡಬ್ಬ ಚಾಚಿದ. ಮರುಳಪ್ಪ ಮೂಟೆಯ ಬಾಯಿ ಬಿಚ್ಚಿದವನು ಯಾಕೋ ತಡೆದ. ತಲೆ ಕೆರೆದುಕೊಂಡು, ನೆಲ ನೋಡುತ್ತ ಹೇಳಿದ:

"ಬೇಜಾರು ಮಾಡ್ಕಬೇಡಿ ರೇವಣ್ಣ. ನೀವು ಪಾಪರ್ ಅರ್ಜಿ ಹಾಕಿರೋರು. ನಿಮಗೆ ಸಾಲ ಕೊಡ್ಬೇಕು ಅಂದ್ರೆ ಜಾಮೀನು ಯಾರು ನಿಲ್ತಾರೆ?"