ಒಬ್ಬ ಮೆಟೋಡಿಗೆ ಆರು ಚೌಕ

ರಾಜಧಾನಿ ಸೋಫಿಯಾದಲ್ಲಿ ಕುಳಿತು ನಮ್ಮ ಪಟ್ಟಣದ ಆಸ್ಪತ್ರೆಯ ಕಂಪ್ಯೂಟರಿಗೆ ಮಾಹಿತಿ ನಕ್ಷೆ ಬಿಡಿಸಿಕೊಟ್ಟ ಇಂಜಿನಿಯರ್ ಮಹಾಶಯರ ಸನ್ನಿಧಿಗೆ,

ಮಾನ್ಯರೇ,

ಮೊದಲಿಗೆ ತಮಗೂ ತಮ್ಮ ಅಳತೆಪಟ್ಟಿಗೂ ನನ್ನ ಅನಂತ ನಮಸ್ಕಾರಗಳು. ನೋಂದಣಿ ಕೊಠಡಿಯ ಗೋಡೆಯ ಮೇಲೆ ತಮ್ಮ ನಕ್ಷೆಯನ್ನು ಕಣ್ತುಂಬ ನೋಡಿದೆ. ಅಬ್ಬಾ, ಎಂಥ ಅಚ್ಚುಕಟ್ಟು! ಒಂದು ಗೆರೆಯೂ ಇನ್ನೊಂದನ್ನು ಹಾಯುವುದಿಲ್ಲ. ಗೆರೆಗಳಿಗೆ ಆ ಕಷ್ಟ ಬಾರದಿರಲೆಂದು ತಾವು ‘ರೋಗಿ’ ಎಂಬ ಒಂದೇ ಚೌಕವನ್ನು ಔಷಧದ ಪಕ್ಕ, ಎಕ್ಸ್‌ರೇ ಪಕ್ಕ, ಶಸ್ತ್ರಚಿಕಿತ್ಸೆಯ ಸರದಿಯ ಪಕ್ಕ, ಹೀಗೆ ಆರು ಕಡೆ ಬರೆದಿದ್ದೀರಿ. ಆರೂ ಒಂದೇ ಎಂದು ಮೂಲೆಯಲ್ಲೊಂದು ಗುರುತು ಹಾಕಿದ್ದರೆ ಚಿತ್ರದ ಅಂದ ಕೆಡುತ್ತಿತ್ತೇನೋ, ತಾವು ಹಾಕಲಿಲ್ಲ. ಕಂಪ್ಯೂಟರ್ ಕೂರಿಸಲು ಬಂದ ಪುಣ್ಯಾತ್ಮರು ಚೌಕ ಎಣಿಸಿ ರೋಗಿಗಳ ಆರು ಪಟ್ಟಿ ಮಾಡಿದರು. ಒಂದರಲ್ಲಿ ಬರೆದದ್ದು ಇನ್ನೊಂದಕ್ಕೆ ಗೊತ್ತಾಗುವುದಿಲ್ಲ.

ನನ್ನ ಪತಿ ಮೆಟೋಡಿ ಕಾಂದೆವ್ ಏಪ್ರಿಲ್‌ನಲ್ಲಿ ತೀರಿಕೊಂಡರು. ರೂಢಿಯಂತೆ ಅವರ ಭಾವಚಿತ್ರವಿದ್ದ ಸಾವಿನ ಸೂಚನಾಪತ್ರವನ್ನು ನಾನೇ ಮನೆ ಬಾಗಿಲಿಗೆ, ಬಸ್ ನಿಲ್ದಾಣಕ್ಕೆ, ಬ್ರೆಡ್ ಅಂಗಡಿಗೆ, ಬೀದಿಯ ಮರಗಳಿಗೆ, ಒಟ್ಟು ಹನ್ನೆರಡು ಕಡೆ ಅಂಟಿಸಿ ಬಂದೆ. ಹನ್ನೆರಡು ಮೆಟೋಡಿಗಳು ಸತ್ತರೆಂದು ಊರಿನ ಯಾವ ದಡ್ಡನೂ ತಿಳಿಯಲಿಲ್ಲ. ಆದರೆ ಆಸ್ಪತ್ರೆಯಲ್ಲಿ ಅವರು ಒಂದೇ ಪಟ್ಟಿಯಲ್ಲಿ ಸತ್ತು ಉಳಿದ ಐದರಲ್ಲಿ ಗುಂಡುಕಲ್ಲಿನ ಹಾಗಿದ್ದಾರೆ. ಹೃದಯದ ಕವಾಟ ಬದಲಿಸುವ ಸರದಿಯಲ್ಲಿ ಈಗಲೂ ಅವರೇ ಮೊದಲು. ಎರಡನೆಯವನು ನನ್ನ ಮೈದುನ ಗೆಂಚೋ. ಮೊದಲನೆಯವರು ಬಾರದೆ ಎರಡನೆಯವನನ್ನು ಕರೆಯುವಂತಿಲ್ಲ, ಮೊದಲನೆಯವರು ಬರುವಂತಿಲ್ಲ.

“ಅವರ ಹೆಸರು ತೆಗೆದುಬಿಡಮ್ಮಾ” ಎಂದು ನೋಂದಣಿಯ ಹುಡುಗಿ ರುಮ್ಯಾನಾಳನ್ನು ಬೇಡಿದೆ. “ಏನ್ ಮಾಡ್ಲಿ ಅಜ್ಜೀ, ಈ ಪಟ್ಟೀಲಿ ಸಾಯೋಕೆ ಜಾಗಾನೇ ಇಟ್ಟಿಲ್ಲ!” ಎಂದು ಅವಳೂ ಕಣ್ಣೊರೆಸಿಕೊಂಡಳು.

ಗೆಂಚೋ ಈಗ ಮೂರನೇ ಮಹಡಿಯ ನನ್ನ ಮನೆಗೆ ಬರುವಷ್ಟರಲ್ಲಿ ಎಂಟು ಸಲ ಮೆಟ್ಟಿಲ ಮೇಲೆ ಕೂರುತ್ತಾನೆ, ತುಟಿ ನೀಲಿಗಟ್ಟಿರುತ್ತದೆ. “ಬಿಡಿ ಅತ್ತಿಗೆ, ಬದುಕಿದ್ದಾಗ ಬಚ್ಚಲುಮನೇನೇ ಅಣ್ಣ ನಂಗೆ ಮೊದಲು ಬಿಟ್ಟೋನಲ್ಲ” ಎಂದು ನಗುತ್ತಾನೆ. ನನಗೆ ನಗು ಬರುವುದಿಲ್ಲ. ಒಬ್ಬರನ್ನು ಮಣ್ಣು ಮಾಡಿ ಬಂದ ಕೈ ಇನ್ನೂ ಆರಿಲ್ಲ.

ಆದಕಾರಣ ತಮ್ಮಲ್ಲಿ ವಿನಂತಿ. ಬದುಕಿರುವ ಐವರು ಮೆಟೋಡಿಗಳಲ್ಲಿ ಒಬ್ಬರನ್ನು ದಯವಿಟ್ಟು ಮನೆಗೆ ಕಳುಹಿಸಿಕೊಡಿ. ದಪ್ಪ ಮೆಣಸಿನಕಾಯಿ ಸುಟ್ಟು ಜಾಡಿಗೆ ತುಂಬುವ ಕಾಲ ಬಂದಿದೆ, ನಾನು ಸುಟ್ಟರೆ ಸಿಪ್ಪೆ ಬಿಡಿಸುವವರಿಲ್ಲ. ಎಕ್ಸ್‌ರೇ ಚೌಕದವರಾದರೂ ಸರಿಯೇ. ಅದು ಆಗದಿದ್ದರೆ, ಗೆಂಚೋನಿಗೂ ಆರು ಚೌಕಗಳಿವೆಯಲ್ಲ, ಚೌಕಕ್ಕೊಂದರಂತೆ ಆರು ಹೃದಯ ಬರೆದುಕೊಡಿ. ತಮಗೇನು, ನಾಲ್ಕು ಗೆರೆಯ ಕೆಲಸ.

ತಮ್ಮ ವಿಶ್ವಾಸಿ,
ಸ್ಟೊಯಾಂಕಾ ಕಾಂದೆವಾ
ಸದ್ಯಕ್ಕೆ ಆರರಲ್ಲೊಂದು ಪಾಲು ವಿಧವೆ

ವಿ.ಸೂ.: ಸೋಮವಾರ ಬೆಳಿಗ್ಗೆ ಎಂಟಕ್ಕೆ ಮೆಟೋಡಿ ಕಾಂದೆವ್ ಶಸ್ತ್ರಚಿಕಿತ್ಸೆಗೆ ಹಾಜರಾಗಬೇಕೆಂದು ಮತ್ತೆ ಕರೆ ಬಂದಿದೆ. ಈ ಸಲ ಹಾಜರಾಗುತ್ತಾರೆ. ಗೆಂಚೋ ಅಣ್ಣನ ಹಾಗೆ ಕಾಣಲು ಮೀಸೆ ಬೋಳಿಸಿಕೊಂಡಿದ್ದಾನೆ, ಅಣ್ಣನ ಗುರುತಿನ ಚೀಟಿಯನ್ನು ಜೇಬಿಗಿಟ್ಟುಕೊಂಡಿದ್ದಾನೆ. ವೈದ್ಯರಿಗೆ ನಿಜ ಹೇಳಿದೆ. “ಹೃದಯ ಕೆಟ್ಟಿರೋದು ಯಾರದ್ದೋ ಅವರನ್ನ ಮಲಗಿಸಿ, ಹೆಸರು ಆಮೇಲೆ ನೋಡೋಣ” ಎಂದರು. ಅವನು ಬದುಕಿ ಹೊರಬಂದ ಮೇಲೆ ಯಾವ ಚೌಕದಲ್ಲಿ ಬರೆಯುವುದೆಂದು ಅಷ್ಟರಲ್ಲಿ ತಾವು ಯೋಚಿಸಿಟ್ಟಿರಿ.