ನೀರು ಬರುವ ದಿನದ ಹೆರಿಗೆ

ನೀರಿನ ತೊಟ್ಟಿಯಲ್ಲಿ ಹೆತ್ತರೆ ನೋವು ಅರ್ಧಕ್ಕಿಳಿಯುತ್ತದೆ, ಅಲ್ಲಿ ಹುಟ್ಟಿದ ಮಗು ಅಳುವುದೇ ಇಲ್ಲ ಎಂದು ಆ ವರ್ಷ ಛತ್ರಪತಿ ಸಂಭಾಜಿನಗರದಲ್ಲಿ ಎಲ್ಲರೂ ನಂಬಿದ್ದರು. ನಲ್ಲಿಯಲ್ಲಿ ವಾರಕ್ಕೊಮ್ಮೆ ನೀರು ಬರುವ ಊರು. ಇಲ್ಲದ್ದರ ಮೇಲೆ ಭಕ್ತಿ ಜಾಸ್ತಿ.

ಮಗು ಅತ್ತರೆ ಅಶ್ವಿತಾಳ ಅಭ್ಯಂತರವಿರಲಿಲ್ಲ. ಅವಳಿಗಿದ್ದದ್ದು ನೋವಿನ ಹೆದರಿಕೆ. ಚೊಚ್ಚಲ ಹೆರಿಗೆಗೆ ನಾಸಿಕದ ತವರಿಗೆ ಹೋಗುವ ಕ್ರಮ ಮುರಿದು ಗಂಡನ ಮನೆಯಲ್ಲೇ ಉಳಿದದ್ದಕ್ಕೂ ಅದೇ ಕಾರಣ. ಇಲ್ಲಿ ಡಾಕ್ಟರ್ ಯಶವಂತರ ಆಸ್ಪತ್ರೆಯಲ್ಲಿ, ಮುಚ್ಚಳವಿರುವ ಒಂದು ನೀಲಿ ತೊಟ್ಟಿಯಿತ್ತು.

"ಬಾಣಂತಿಗೆ ನೀರು ಹೊಯ್ಯುವುದು ಹೆತ್ತ ಮೇಲೆ," ಎಂದು ತಾಯಿ ಕುಸುಮಾವತಿ ನಾಸಿಕದಿಂದ ಫೋನ್ ಮಾಡಿದರು. "ನಿಮ್ಮ ಊರಲ್ಲಿ ಮೊದಲೇ ಮುಳುಗಿಸ್ತಾರಾ?"

"ನೋವು ಕಡಿಮೆ ಆಗ್ತದಂತೆ ಅಮ್ಮ."

"ನಿನ್ನನ್ನು ಹೆರುವಾಗ ನನಗೆ ಯಾರೂ ಒಂದು ಲೋಟ ನೀರು ಸಹ ಕೊಡಲಿಲ್ಲ."

ಡಾಕ್ಟರು ಲಾಭ ಅಪಾಯ ಎರಡನ್ನೂ ಮುಚ್ಚುಮರೆಯಿಲ್ಲದೆ ತಿಳಿಸಿದರು. ಬೆಚ್ಚಗಿನ ನೀರಿನಲ್ಲಿ ಕೂತರೆ ನೋವು ಸ್ವಲ್ಪ ತಗ್ಗೀತು. ನೀರು ಕೊಳಕಾಗಿದ್ದರೆ ಮಗುವಿಗೆ ಸೋಂಕು ತಗಲೀತು. ಉಳಿದದ್ದು ಗೋಡೆಯ ಮೇಲಿತ್ತು:

"ಜಲಪ್ರಸವ ಬಯಸುವ ಗರ್ಭಿಣಿಯರು ನಲ್ಲಿಯಲ್ಲಿ ನೀರು ಬರುವ ದಿನವೇ ಹೆರತಕ್ಕದ್ದು. ಮುಂಚಿತವಾಗಿ ಅಥವಾ ತಡವಾಗಿ ಹೆತ್ತಲ್ಲಿ ಆಸ್ಪತ್ರೆ ಹೊಣೆಯಲ್ಲ. ಅವಳಿ ಮಕ್ಕಳಿಗೆ ಪ್ರತ್ಯೇಕ ನೀರು ಒದಗಿಸಲಾಗುವುದಿಲ್ಲ."

ಅಶ್ವಿತಾಳ ಮಗು ಈ ಸೂಚನೆಯನ್ನು ಓದಿರಲಿಲ್ಲ. ನೀರು ಬರುವ ಹಿಂದಿನ ದಿನ ಬೆಳಿಗ್ಗೆಯೇ ನೋವು ಶುರುವಾಯಿತು.

ಮಾವ ಜಯರಾಮ ಹೋಟೆಲ್ ನಡೆಸುವವರು, ನೀರಿಲ್ಲದ ದಿನಗಳನ್ನು ಕಂಡವರು. ಟ್ಯಾಂಕರ್ ತರಿಸಿದರು. ಟ್ಯಾಂಕರ್ ನೀರನ್ನು ಕುದಿಸದೆ ಬಳಸುವಂತಿಲ್ಲ ಎಂದು ಡಾಕ್ಟರು ಹೇಳಿದ್ದರಿಂದ, ಅದನ್ನು ಹೋಟೆಲಿನ ಸಾಂಬಾರ್ ಕೊಪ್ಪರಿಗೆಗಳಲ್ಲಿ ಕುದಿಸಿ ಟೆಂಪೋದಲ್ಲಿ ಆಸ್ಪತ್ರೆಗೆ ತಂದರು. ಕಾರಿಡಾರಿನ ತುಂಬಾ ಇಂಗಿನ ಪರಿಮಳ. ಕಾಯುತ್ತಿದ್ದವರಿಗೆ ಹಸಿವಾಯಿತು.

"ಅಣ್ಣಾ, ಬಿಸಿ ಜಾಸ್ತಿ," ಎಂದರು ಡಾಕ್ಟರು.

"ಆರಲಿ ಡಾಕ್ಟ್ರೇ. ತಣ್ಣೀರು ಬೆರೆಸಿದರೆ ರುಚಿ ಹೋಗ್ತದೆ," ಎಂದು ಜಯರಾಮ ಅಭ್ಯಾಸಬಲದಿಂದ ಹೇಳಿದರು.

ಒಳಗೆ ಮಂಚದ ಮೇಲೆ ಅಶ್ವಿತಾ ಹಲ್ಲು ಕಚ್ಚಿ ಕೇಳಿದಳು: "ಆರಿತಾ?"

"ಇನ್ನೂ ಇಲ್ಲ," ಎಂದಳು ನರ್ಸ್ ಪ್ರೇಮಾಬಾಯಿ.

ಮತ್ತೊಮ್ಮೆ ಕೇಳುವಷ್ಟರಲ್ಲಿ ಒಣ ಮಂಚದ ಮೇಲೆಯೇ ಹೆಣ್ಣುಮಗು ಹುಟ್ಟಿತು. ಬೀದಿಗೆ ಕೇಳುವಂತೆ ಅತ್ತಿತು.

ಡಾಕ್ಟರು ಹೊರಬಂದು, ಬಾಗಿಲಿನಾಚೆ ಕೊಪ್ಪರಿಗೆಗಳಲ್ಲಿ ಸಾಕಷ್ಟು ನೀರಿದ್ದ ಕಾರಣ ಇದನ್ನು ಜಲಪ್ರಸವವೆಂದೇ ಪರಿಗಣಿಸಲಾಗಿದೆ, ಮಗುವಿನದು ಅಳುವಲ್ಲ, ಸ್ವರ ಎಂದು ಘೋಷಿಸಿದರು. ಯಾರೂ ತಕರಾರು ಮಾಡಲಿಲ್ಲ. ಜಯರಾಮ ಆಸ್ಪತ್ರೆಯವರಿಗೆಲ್ಲ ಶಿರಾ ತರಿಸಿದರು. ಸಂಜೆ ನಾಸಿಕದಿಂದ ಬಂದಿಳಿದ ಕುಸುಮಾವತಿ, ನೀರು ದಂಡವಾಗಬಾರದೆಂದು ಕೊಪ್ಪರಿಗೆಗಳನ್ನು ಬಾಣಂತಿ ಸ್ನಾನಕ್ಕೆ ಕಾದಿರಿಸಿದರು.

ನೋಡಲು ಬಂದ ಪಕ್ಕದ ಮನೆಯ ಬಸುರಿ ವೈಷ್ಣವಿ ಮೆಲ್ಲಗೆ ಕೇಳಿದಳು: "ನಿಜವಾಗಿ ನೋವು ಅರ್ಧ ಆಯ್ತಾ?"

ಅಶ್ವಿತಾ ಮಾವನ ಮುಖ ನೋಡಿದಳು, ಅಮ್ಮನ ಮುಖ ನೋಡಿದಳು. "ಆಯ್ತು," ಎಂದಳು. "ನೀನೂ ಇಲ್ಲಿಗೇ ಬಾ."

ಅಷ್ಟು ಹೇಳಿದ್ದಕ್ಕೆ ಗಂಟಲು ಒಣಗಿ, ಕುಡಿಯಲು ನೀರು ಕೇಳಿದಳು. ಪ್ರೇಮಾಬಾಯಿ ನೀಲಿ ತೊಟ್ಟಿಯ ಮುಚ್ಚಳ ಸರಿಸಿ, ಒಂದು ಲೋಟ ತುಂಬಿಕೊಂಡು ಬಂದಳು.

"ಧೈರ್ಯವಾಗಿ ಕುಡಿ ತಾಯಿ," ಎಂದಳು. "ಇಡೀ ಆಸ್ಪತ್ರೆ ವಾರವೆಲ್ಲ ಕುಡಿಯುವುದು ಇದನ್ನೇ. ಇವತ್ತಿನವರೆಗೆ ಇದರಲ್ಲಿ ಯಾರೂ ಕಾಲಿಟ್ಟಿಲ್ಲ."