ಹೊಂಗೆ ಮರದ ಕೆಳಗೆ ಯಾರೂ ಇಲ್ಲವಂತೆ

ನಮ್ಮೂರ ನಗರಸಭೆಯಲ್ಲಿ ಯಾವ ವಿಷಯ ಬಂದರೂ, ಅದಕ್ಕಿಂತ ಮುಂಚೆ ಅನುಮಾನ ಬಂದು ಕುರ್ಚಿ ಹಿಡಿದಿರುತ್ತದೆ. ಅಲ್ಲಿ ನಾನು ಕಂಪ್ಯೂಟರ್ ಆಪರೇಟರ್. ಇಂಗ್ಲಿಷ್ ಮೀಡಿಯಂನಲ್ಲಿ ಓದಿದವಳು, ಮಾತು ಕಮ್ಮಿ. ಮೂಲೆಯಲ್ಲಿ ಕೂತು ನೋಡುವುದೇ ಜಾಸ್ತಿ. ಈ ವರ್ಷ ನೋಡಿದ್ದೆಲ್ಲ ಒಂದು ಮಾಲ್‌ನ ಕಥೆ. ಹೆದ್ದಾರಿ ಪಕ್ಕ ಅದನ್ನು ಕಟ್ಟಲು ಒಂದು ಕಂಪನಿ ಅನುಮತಿ ಕೇಳಿತ್ತು. ಗೇಟು ಬರುವುದು ಸರಿಯಾಗಿ ಹೊಂಗೆ ಮರದ ಜಾಗಕ್ಕೆ. ಆ ಮರದ ಕೆಳಗೆ ಚಕ್ಕೋತ, ಸೀಬೆ ಮಾರಿ ಬದುಕುವವಳು ನಮ್ಮ ಚಿಕ್ಕಮ್ಮ. ಆಫೀಸಿನಲ್ಲಿ ಇದು ಯಾರಿಗೂ ಗೊತ್ತಿರಲಿಲ್ಲ.

ಮೈಸೂರು ಪಾಕ್

ಮೊದಲ ಸಭೆಗೆ ಕಂಪನಿಯವರು ಮೈಸೂರು ಪಾಕ್ ತಂದರು. ತಿಂದವರು ಒಪ್ಪಿದ ಹಾಗೆ ಅಂತ ಎಲ್ಲರಿಗೂ ಗೊತ್ತು. ಡಬ್ಬ ಮೇಜಿಗೆ ಒಂದು ಪ್ರದಕ್ಷಿಣೆ ಹಾಕಿತು.

"ನನಗೆ ಶುಗರ್. ಜೊತೆಗೆ ಆ ಜಾಗದ ಕಡೆ ನಾನು ತಲೆ ಹಾಕಿಯೂ ಮಲಗಿದವನಲ್ಲ, ಎಲ್ಲಾರ್ಗೂ ಗೊತ್ತಿರ್ಲಿ" ಅಂದರು ಅಧ್ಯಕ್ಷರು.

"ನನಗೂ ಶುಗರ್" ಅಂದರು ಪಕ್ಕದವರು.

ಇನ್ನೂ ಮದುವೆಯಾಗದ ಸದಸ್ಯರೊಬ್ಬರು, "ನಮ್ಮನೇಲಿ ಎಲ್ಲಾರ್ಗೂ ಇದೆ, ನನಗೂ ಬರೋದ್ರಲ್ಲಿದೆ" ಅಂದರು.

ಕಂಪನಿಯವರು ಹೋದ ಮೇಲೆ ಕರೆಂಟ್ ಹೋಯಿತು. ಮತ್ತೆ ಬಂದಾಗ ಡಬ್ಬದಲ್ಲಿ ಕಾಗದ ಮಾತ್ರ ಇತ್ತು. ಒಬ್ಬರನ್ನೊಬ್ಬರು ಗುರಾಯಿಸಿ ನೋಡಿದರೇ ಹೊರತು ಯಾರೂ ಬಾಯಿ ಬಿಡಲಿಲ್ಲ. ತುಂಬಿದ ಬಾಯಿ ಬಿಡುವುದು ಹೇಗೆ?

ಪುಟ್ಟ ಜನ

ಮುಂದಿನ ಸಲ ಥರ್ಮಾಕೋಲಿನ ಪುಟ್ಟ ಮಾಲ್ ಹೊತ್ತು ತಂದರು. ಸುತ್ತ ಗೊಂಬೆ ಜನ. ವಿರೋಧ ಪಕ್ಷದಲ್ಲಿ ಒಬ್ಬರು ಹಿರಿಯ ಸದಸ್ಯೆ ಇದ್ದಾರೆ, ಎಲ್ಲರಿಗೂ ಅಕ್ಕ. ಅವರು ಕನ್ನಡಕ ಏರಿಸಿ ಬಗ್ಗಿ ನೋಡಿದರು.

"ಇವರೆಲ್ಲ ಯಾರಪ್ಪಾ?"

"ನಿಮ್ಮೂರಿನ ಜನಾನೇ ಮೇಡಂ" ಅಂದ ಕಂಪನಿ ಮ್ಯಾನೇಜರ್.

"ಸುಳ್ಳು! ರೋಡ್ ದಾಟೋಕೆ ಬಿಳಿ ಪಟ್ಟೆ ಮೇಲೆ ನಡೀತಾವ್ರೆ. ಇವರು ನಮ್ಮೂರೋರಲ್ಲ ಬಿಡು!"

ಅವತ್ತು ಮನೆಗೆ ಬಂದರೆ ಚಿಕ್ಕಮ್ಮ ಬಾಗಿಲಲ್ಲೇ ಹಿಡಿದಳು. "ಏನಂದ್ರು ಸಭೇಲಿ?"

"ಇನ್ನೂ ಏನೂ ಆಗಿಲ್ಲ ಚಿಕ್ಕಮ್ಮ."

"ನೀನೂ ಆಫೀಸಿನೋಳೇ ಆಗ್ಬಿಟ್ಟೆ ಬಿಡು."

ಖಾಲಿ ಜಾಗ

ಮೂರನೆಯ ಸಭೆಗೆ ಮ್ಯಾನೇಜರ್ ವಿಡಿಯೊ ತಂದ. ಲ್ಯಾಪ್‌ಟಾಪ್‌ನಲ್ಲಿ ಹಾಕುವ ಕೆಲಸ ನನ್ನದು.

"ನೋಡಿ, ಇಡೀ ಬೆಳಿಗ್ಗೆ ಹೊಂಗೆ ಮರದ ಕೆಳಗೆ ಒಬ್ಬ ವ್ಯಾಪಾರಿಯೂ ಇಲ್ಲ. ಗೇಟಿಂದ ಯಾರಿಗೂ ತೊಂದರೆ ಇಲ್ಲ."

ನಿಜಕ್ಕೂ ಖಾಲಿ! ದಿನಾ ಕೂರುವ ಚಿಕ್ಕಮ್ಮ ಎಲ್ಲಿ? ಎದ್ದು ಕೇಳೋಣ ಅಂದರೆ ನಾಲಿಗೆ ಏಳಲಿಲ್ಲ. ಬೆರಳು ಮಾತ್ರ ವಿಡಿಯೊ ನಿಲ್ಲಿಸಿಬಿಟ್ಟಿತು.

ನಿಂತ ಚಿತ್ರದ ಮೂಲೆಯಲ್ಲಿ ಒಂದು ಉದ್ದನೆಯ ಕ್ಯೂ. ಕ್ಯೂನಲ್ಲಿ ಸ್ಟೀಲ್ ಡಬ್ಬ ಹಿಡಿದು ನಮ್ಮ ಅಧ್ಯಕ್ಷರು!

ಅಕ್ಕ ಎದ್ದು ನಿಂತರು. "ತಲೆ ಹಾಕಿಯೂ ಮಲಗಿಲ್ಲ ಅಂದ್ರಲ್ಲ ಅಣ್ಣ? ಕಂಪನಿಯೋರ ಕ್ಯಾಮೆರಾ ಮುಂದೆ ನಿಮಗೇನು ಕೆಲಸ? ಆ ಡಬ್ಬದಲ್ಲಿ ಏನಿತ್ತು?"

"ಮಟನ್ ಕಣಮ್ಮಾ! ಅವತ್ತು ಹೊಸತೊಡಕು! ಯುಗಾದಿ ಮಾರನೇ ದಿನ ಮಟನ್ ಅಂಗಡಿ ಮುಂದೆ ನಿಲ್ದೆ ಇನ್ನೆಲ್ಲಿ ನಿಲ್ಲಲಿ?"

ಹೊಸತೊಡಕಿನ ದಿನ ನಮ್ಮ ಕಡೆ ಹಣ್ಣು ಮಾರುವವರೂ ಇಲ್ಲ, ಕೊಳ್ಳುವವರೂ ಇಲ್ಲ. ಅವತ್ತು ಚಿಕ್ಕಮ್ಮ ನಮ್ಮನೆಯಲ್ಲೇ ಮಸಾಲೆ ರುಬ್ಬುತ್ತಿದ್ದಳು.

ಮ್ಯಾನೇಜರ್ ಮೆಲ್ಲಗೆ, "ಹೊಸತೊಡಕು ಅಂದ್ರೇನು ಸಾರ್?" ಅಂದ.

ನಮ್ಮ ನಗರಸಭೆ ಪಕ್ಷ ಮರೆತು ಒಂದಾಗಿದ್ದನ್ನು ನಾನು ನೋಡಿದ್ದು ಅವತ್ತೇ. "ಮೊದಲು ಅದನ್ನ ತಿಳ್ಕೊಂಡು, ಆಮೇಲೆ ಇನ್ನೊಂದು ವಿಡಿಯೊ ಮಾಡ್ಕೊಂಡು ಬಾರಪ್ಪ" ಅಂದು ಎಲ್ಲರೂ ಎದ್ದರು.

ಕ್ಯಾಮೆರಾ

ಒಂದು ಮಾಮೂಲಿ ಸೋಮವಾರ ಮತ್ತೆ ಕ್ಯಾಮೆರಾ ಬಂತು. ಈ ಸಲವಾದರೂ ಮೋಸ ಆಗಬಾರದು ಅಂತ ಅಧ್ಯಕ್ಷರೇ ಹೋಗಿ ಮರದ ಹತ್ತಿರ ನಿಂತರು. ಆದರೆ ಕ್ಯಾಮೆರಾ ಕಂಡರೆ ಎತ್ತಂಗಡಿ ಅಂತ ಚಿಕ್ಕಮ್ಮನಿಗೆ ಕಲಿಸಿದ್ದೇ ನಮ್ಮ ನಗರಸಭೆ. "ಅಣ್ಣ, ಒಂದ್ನಿಮಿಷ ಹಣ್ಣು ನೋಡ್ಕೊಳಿ" ಅಂದವಳೇ ತಕ್ಕಡಿ ಬಗಲಿಗೆ ಸಿಕ್ಕಿಸಿಕೊಂಡು ಓಡಿಬಿಟ್ಟಳು.

ಮುಂದಿನ ಸಭೆಯಲ್ಲಿ ಆ ವಿಡಿಯೊ ಹಾಕಿದೆ. ಹೊಂಗೆ ಮರದ ಕೆಳಗೆ, ಚಕ್ಕೋತದ ರಾಶಿ ಹಿಂದೆ, ಗೋಣಿಚೀಲದ ಮೇಲೆ ಸಾಕ್ಷಾತ್ ಅಧ್ಯಕ್ಷರು. ಕಾರು ನಿಲ್ಲಿಸಿದವನೊಬ್ಬ, "ಹಣ್ಣು ಸಿಹಿ ಇದೆಯಾ?" ಅಂತ ಕೇಳುತ್ತಾನೆ.

"ಪರಿಶೀಲಿಸ್ತೀವಿ" ಅನ್ನುತ್ತಾರೆ ಅಧ್ಯಕ್ಷರು.

ಅಲ್ಲಿ ವ್ಯಾಪಾರವೇ ಇಲ್ಲ ಅನ್ನುವ ಧೈರ್ಯ ಇನ್ಯಾರಿಗೆ? ಗೇಟು ಆಚೆ ಬದಿಗೆ ಹೋಗಲಿ, ಮರ ಇರಲಿ, ಮರದ ಕೆಳಗಿನವರೂ ಇರಲಿ ಅಂತ ಸಭೆ ತೀರ್ಮಾನ ಮಾಡಿತು.

ಸಂಜೆ ಓಡೋಡಿ ಹೋಗಿ ಚಿಕ್ಕಮ್ಮನಿಗೆ ಹೇಳಿದೆ. ಅವಳು ನಗಲೇ ಇಲ್ಲ.

"ಅವತ್ತು ಅಧ್ಯಕ್ಷರು ಎದ್ದು ಹೋದ್ಮೇಲೆ ಹಣ್ಣು ಎಣಿಸಿದೆ ಕಣೇ. ಒಂದೂ ಕಮ್ಮಿ ಆಗಿಲ್ಲ."

"ಒಳ್ಳೇದೇ ಆಯ್ತಲ್ಲ ಚಿಕ್ಕಮ್ಮ!"

"ಏನೊಳ್ಳೇದು? ನಗರಸಭೆಯೋರು ಬಂದು ಹೋದ್ಮೇಲೂ ಒಂದು ಹಣ್ಣು ಕಮ್ಮಿ ಆಗಿಲ್ಲ ಅಂದ್ರೆ... ನನಗ್ಯಾಕೋ ಈಗ್ಲೇ ಜಾಸ್ತಿ ಅನುಮಾನ!"